ಮುಳ್ಳು ಹೇಳಿದ ಸುಳ್ಳು

ನನ್ನ ಬರೆಯುವ ಮೇಜಿನ ಮೇಲೆ, ಜಪಸರದ ಪಕ್ಕದಲ್ಲಿ, ಒಂದು ವಿಚಿತ್ರ ವಸ್ತುವಿದೆ. ಗೇಣುದ್ದದ ಸಣ್ಣ ಕಂಬಿ. ಅದರ ಒಂದು ತುದಿಗೆ ಕಪ್ಪು ಬಣ್ಣದ ಹಗುರವಾದ ಬೆಂಡು, ಇನ್ನೊಂದು ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಗುರುಮನೆಗೆ ಬರುವ ಹಿರಿಯರು ಅದನ್ನು ನೋಡಿಯೂ ನೋಡದಂತೆ ಕುಳಿತುಕೊಳ್ಳುತ್ತಾರೆ. ಮಕ್ಕಳು ಮಾತ್ರ ಬಿಡುವುದಿಲ್ಲ. "ಫಾದರ್, ಇದು ಮೀನಿನ ಗಾಳವಾ?" ಎಂದು ಧರ್ಮೋಪದೇಶದ ತರಗತಿಯ ಒಬ್ಬ ಹುಡುಗ ಕೇಳಿದ. ಅಲ್ಲ ಮಗು, ಇದು ಕಾರಿನ ಡೀಸೆಲ್ ಟ್ಯಾಂಕಿನೊಳಗೆ ಇರುವ ಫ್ಲೋಟು ಎಂದೆ. "ಹಾಗಾದರೆ ಇಲ್ಲಿ ಯಾಕಿದೆ?" ಎಂದು ಅವನು ಮರುಪ್ರಶ್ನೆ ಹಾಕಿದ. ಅವನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾಹನವಿರುವ ಪ್ರತಿಯೊಂದು ಮನೆಯಲ್ಲೂ ಈ ವಸ್ತುವಿದೆ, ಆದರೆ ಕಂಡವರು ಕಡಿಮೆ. ಅದರ ಕೆಲಸ ಬಹಳ ಸರಳ. ಬೆಂಡು ಟ್ಯಾಂಕಿನ ಎಣ್ಣೆಯ ಮೇಲೆ ತೇಲುತ್ತದೆ. ಎಣ್ಣೆ ಇಳಿದಂತೆ ಬೆಂಡು ಇಳಿಯುತ್ತದೆ, ಅದರೊಂದಿಗೆ ಕಂಬಿಯ ತೋಳೂ ಇಳಿಯುತ್ತದೆ. ತೋಳಿನ ಬುಡದಲ್ಲಿರುವ ಲೋಹದ ಪುಟ್ಟ ಬೆರಳೊಂದು ಪೆಟ್ಟಿಗೆಯೊಳಗಿನ ಪಟ್ಟಿಯ ಮೇಲೆ ಅತ್ತಿತ್ತ ಜಾರುತ್ತದೆ. ಆ ಪಟ್ಟಿಯಲ್ಲಿ ವಿದ್ಯುತ್ತಿಗೆ ಒಂದೊಂದು ಜಾಗದಲ್ಲಿ ಒಂದೊಂದು ಪ್ರಮಾಣದ ತಡೆ. ನಮ್ಮ ವಾಹನದಲ್ಲಿ ಟ್ಯಾಂಕು ತುಂಬಿದ್ದರೆ ತಡೆ ಕಡಿಮೆ, ಬರಿದಾದರೆ ಹೆಚ್ಚು. ಕೆಲವು ವಾಹನಗಳಲ್ಲಿ ಇದು ತಿರುಗುಮುರುಗು. ಚಾಲಕನ ಮುಂದಿರುವ ಮೀಟರಿನ ಮುಳ್ಳು ಎಣ್ಣೆಯನ್ನು ಕಾಣುವುದೇ ಇಲ್ಲ. ಅದಕ್ಕೆ ಗೊತ್ತಿರುವುದು ತಂತಿಯಲ್ಲಿ ಹರಿದು ಬಂದ ವಿದ್ಯುತ್ತು ಎಷ್ಟು ಎಂಬುದೊಂದೇ. ಉಳಿದದ್ದು ನಮ್ಮ ನಂಬಿಕೆ.

ನಾನು ಆಗ ಮಲೆನಾಡಿನ, ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಉಪಕೇಂದ್ರಗಳು ನಾಲ್ಕು, ರಸ್ತೆಗಳು ಹೇಳತೀರದವು. 2005ರಲ್ಲಿ ಕೊಂಡ ಡೀಸೆಲ್ ಎಸ್‌ಯುವಿ ಒಂದು ಗುರುಮನೆಯಲ್ಲಿತ್ತು. ಬಲಿಪೂಜೆಗೆ ಹೋಗುವುದಕ್ಕೂ ಅದೇ, ಅಕ್ಕಿಮೂಟೆ ತರುವುದಕ್ಕೂ ಅದೇ, ಆಸ್ಪತ್ರೆಗೆ ಓಡುವುದಕ್ಕೂ ಅದೇ. ಅದನ್ನು ಓಡಿಸುತ್ತಿದ್ದವರು ನನಗಿಂತ ಹತ್ತು ವರ್ಷ ಹಿರಿಯರು. 1997ರಲ್ಲಿ, ಇನ್ನೂ ಹಳೆಯ ಜೀಪು ಇದ್ದ ಕಾಲದಲ್ಲಿ, ಕೆಲಸಕ್ಕೆ ಸೇರಿದ್ದವರು. ನಾನು ಅವರ ಕೈಕೆಳಗೆ (ಹಾಗೆಂದೇ ಹೇಳಬೇಕು) ಬಂದ ಐದನೆಯ ಧರ್ಮಗುರು. ಅವರ ಹೆಸರನ್ನು ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದಾರೆ.

2016ರ ತಪಸ್ಸುಕಾಲದಲ್ಲಿ ನಾನು ಒಂದು ಸಂಗತಿಯನ್ನು ಗಮನಿಸಿದೆ. ಸಂಜೆ ಉಪಕೇಂದ್ರದಿಂದ ಮರಳಿದಾಗ ಮುಳ್ಳು ಮುಕ್ಕಾಲಿನಲ್ಲಿ ಇರುತ್ತಿತ್ತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಅರ್ಧದಲ್ಲಿ. ಒಮ್ಮೆ ಹೀಗಾದಾಗ ನನ್ನ ಕಣ್ಣೇ ತಪ್ಪಿರಬಹುದು ಎಂದುಕೊಂಡೆ. ಎರಡನೆಯ ಸಲ ಸಂಜೆಯ ಮುಳ್ಳಿನ ಜಾಗವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಟ್ಟೆ. ಮೂರನೆಯ ಸಲಕ್ಕೆ ನನಗೆ ಸಂಶಯವೇ ಉಳಿಯಲಿಲ್ಲ. ನಮ್ಮದು ಅರವತ್ತು ಲೀಟರಿನ ಟ್ಯಾಂಕು. ಕಾಲುಭಾಗವೆಂದರೆ ಹದಿನೈದು ಲೀಟರು. ಹದಿನೈದು ಲೀಟರ್ ಡೀಸೆಲ್ ರಾತ್ರಿ ಬೆಳಗಾಗುವುದರಲ್ಲಿ ಆವಿಯಾಗುವುದಿಲ್ಲ. ಶೆಡ್ಡಿನ ನೆಲದ ಮೇಲೆ ಒಂದು ಹನಿಯೂ ಸೋರಿರಲಿಲ್ಲ. ಕೀಲಿಗೊಂಚಲು ರಾತ್ರಿ ಅವರ ಮನೆಯಲ್ಲಿರುತ್ತಿತ್ತು, ಅವರ ಮನೆ ಶೆಡ್ಡಿನಿಂದ ಇನ್ನೂರು ಹೆಜ್ಜೆ.

ಹೀಗೆ ಒಂದರ ಮೇಲೊಂದು ಇಟ್ಟಿಗೆ ಇಟ್ಟೆ. ಪಾಲನಾ ಸಮಿತಿಯ ಇಬ್ಬರ ಬಳಿ ಸೂಚ್ಯವಾಗಿ ಮಾತನಾಡಿದೆ. ಹೆಸರು ಹೇಳಲಿಲ್ಲ; ಆದರೆ ಒಬ್ಬನೇ ಚಾಲಕನಿರುವ ಊರಿನಲ್ಲಿ ಹೆಸರು ಹೇಳುವ ಅಗತ್ಯವೇನಿದೆ? ಅವರಲ್ಲೊಬ್ಬರು, "ಮಗಳ ಮದುವೆಗೆ ಸಾಲ ಮಾಡಿದ್ದಾರಂತೆ ಫಾದರ್" ಎಂದು ಒಂದು ಇಟ್ಟಿಗೆಯನ್ನು ತಾವೂ ತಂದುಕೊಟ್ಟರು. ಗೋಡೆ ಪೂರ್ತಿಯಾಯಿತು.

ಒಂದು ಬೆಳಿಗ್ಗೆ ಅವರನ್ನು ಕೇಳಿದೆ: "ಡೀಸೆಲ್ ಈಚೆಗೆ ಬಹಳ ಬೇಗ ಮುಗಿಯುತ್ತದಲ್ಲ?"

ಅವರು ಗಾಜು ಒರೆಸುತ್ತಲೇ ಉತ್ತರಿಸಿದರು: "ಮುಳ್ಳು ಸರಿ ಇಲ್ಲ ಫಾದರ್. ಅದನ್ನು ನಂಬಬೇಡಿ. ಟ್ಯಾಂಕಿನ ಫ್ಲೋಟು ನೋಡಿಸಬೇಕು."

ಇದಕ್ಕಿಂತ ನೇರವಾದ, ಸಂಪೂರ್ಣವಾದ ಉತ್ತರ ಇನ್ನೇನು ಬೇಕಿತ್ತು? ಆದರೆ ನಾನು ಅದನ್ನು ಉತ್ತರವೆಂದು ಕೇಳಿಸಿಕೊಳ್ಳಲಿಲ್ಲ, ನೆಪವೆಂದು ಕೇಳಿಸಿಕೊಂಡೆ. ತಪ್ಪು ಮಾಡಿದವರು ಮೊದಲು ಯಂತ್ರದ ಮೇಲೆ ಹಾಕುತ್ತಾರೆ ಎಂದು ಮನಸ್ಸಿನಲ್ಲೇ ನಗೆಯಾಡಿದೆ. ಅಂದು ಸಂಜೆ, "ಇನ್ನು ಮೇಲೆ ಕೀಲಿ ಗುರುಮನೆಯಲ್ಲೇ ಇರಲಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖವನ್ನು ನೋಡಿದರು. ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟರು. ಪಾಸ್ಖ ಹಬ್ಬದ ಮರುವಾರ ಬಂದು, ಮೊಣಕಾಲು ನೋವು, ಕ್ಲಚ್ಚು ತುಳಿಯಲಾಗುವುದಿಲ್ಲ, ಕೆಲಸ ಬಿಡುತ್ತೇನೆ ಎಂದರು. ನಾನು ತಡೆಯಲಿಲ್ಲ. ಹತ್ತೊಂಬತ್ತು ವರ್ಷದ ಸೇವೆಗೆ ಒಂದು ಶಾಲು, ಒಂದು ಲಕೋಟೆ, ಒಂದು ಫೋಟೋ. ಫೋಟೋದಲ್ಲಿ ನಾನು ನಗುತ್ತಿದ್ದೇನೆ.

ಪ್ರಿಯ ಓದುಗರೇ, ಇಲ್ಲಿಯವರೆಗಿನ ಕಥೆಯಲ್ಲಿ ನಾನು ಮೋಸಹೋದವನೆಂದು ಹೇಳಿಕೊಳ್ಳಬಹುದು. ಮುಂದಿನದರಲ್ಲಿ ಹಾಗೆ ಹೇಳಿಕೊಳ್ಳಲು ದಾರಿಯಿಲ್ಲ. ಏಕೆಂದರೆ ಕೀಲಿ ನನ್ನದೇ ಕಪಾಟಿನಲ್ಲಿದ್ದಾಗಲೂ, ಅವರು ಕೆಲಸ ಬಿಟ್ಟ ಮೇಲೂ, ಮುಳ್ಳು ರಾತ್ರಿಯಲ್ಲಿ ಇಳಿಯುತ್ತಲೇ ಇತ್ತು. ನಾನು ಅದನ್ನು ಕಂಡೆ. ಕಂಡು ಮಾಡಿದ್ದೇನೆಂದರೆ, ಪೇಟೆಯಿಂದ ಬೀಗವಿರುವ ಟ್ಯಾಂಕಿನ ಮುಚ್ಚಳ ತಂದು ಹಾಕಿದ್ದು! ಮನುಷ್ಯ ಒಮ್ಮೆ ತೀರ್ಪು ಕೊಟ್ಟ ಮೇಲೆ ಸಾಕ್ಷ್ಯ ಎದುರಿಗೆ ಬಂದು ನಿಂತರೂ ಅದಕ್ಕೆ ಕುರ್ಚಿ ಹಾಕುವುದಿಲ್ಲ.

ಮೇ ತಿಂಗಳ ಕೊನೆಯ ವಾರ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಗುರುಮನೆಯ ಬಾಗಿಲು ಬಡಿದರು. ಲೈನ್ ಮನೆಯ ಹಿರಿಯರೊಬ್ಬರಿಗೆ ಉಸಿರಾಟದ ತೊಂದರೆ; ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿ ಮಂಗಳೂರಿಗೆ ಒಯ್ಯಲು ಹೇಳಿದ್ದರು. ಆಂಬುಲೆನ್ಸ್ ಬೇರೊಂದು ಕರೆಗೆ ಹೋಗಿತ್ತು. ನಾನೇ ಚಕ್ರದ ಮುಂದೆ ಕುಳಿತೆ. ಮುಳ್ಳು ಅರ್ಧಕ್ಕಿಂತ ಒಂದು ಕೂದಲೆಳೆ ಮೇಲಿತ್ತು. ಮೂವತ್ತು ಲೀಟರ್, ಧಾರಾಳ ಎಂದುಕೊಂಡೆ. ಎರಡು ದಿನಗಳಿಂದ ಅದು ಅಲ್ಲಿಂದ ಅಲುಗಾಡಿರಲಿಲ್ಲ ಎಂಬುದು ನನಗೆ ತೋಚಲೇ ಇಲ್ಲ. ಇಳಿಯುವ ಮುಳ್ಳಿನ ಮೇಲೆ ನನಗೆ ಸಂಶಯವಿತ್ತು, ನಿಂತ ಮುಳ್ಳಿನ ಮೇಲೆ ಇರಲಿಲ್ಲ.

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯತೊಡಗಿದೆವು. ಮಂಜು. ಐದಾರು ತಿರುವು ಕಳೆದಿರಬೇಕು. ಎಂಜಿನ್ ಎರಡು ಸಲ ತಡವರಿಸಿ ನಿಂತೇಹೋಯಿತು. ಟ್ಯಾಂಕಿನ ತಳದಲ್ಲಿ ಉಳಿದಿದ್ದ ಒಂದಿಷ್ಟು ಡೀಸೆಲ್ ಇಳಿಜಾರಿನಲ್ಲಿ ಮುಂದಕ್ಕೆ ಸರಿದು, ಹೀರುವ ಕೊಳವೆಯ ಬಾಯಿಗೆ ಗಾಳಿ ಸಿಕ್ಕಿತ್ತು. ಎಂಜಿನ್ ನಿಂತ ವಾಹನ ಇಳಿಜಾರಿನಲ್ಲಿ ಎಂಥ ಪ್ರಾಣಿಯಾಗುತ್ತದೆ ಎಂಬುದನ್ನು ಅಂದು ಕಂಡೆ. ಸ್ಟಿಯರಿಂಗ್ ಕಲ್ಲಾಗುತ್ತದೆ, ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮು ಎರಡು ಮೂರು ಒತ್ತಿಗೆ ಮುಗಿದುಹೋಗುತ್ತದೆ. ಕೈಬ್ರೇಕು ಎಳೆದು, ಗುಡ್ಡದ ಬದಿಯ ಚರಂಡಿಗೆ ಮುಂದಿನ ಚಕ್ರ ತಾಗಿಸಿ ನಿಲ್ಲಿಸಿದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಹಿಂದಿನ ಆಸನದಲ್ಲಿ ಆ ಹಿರಿಯರ ಉಸಿರಿನ ಶಬ್ದ ಮಾತ್ರ. ನನ್ನ ಜೇಬಿನಲ್ಲಿ ರೋಗಿಗಳ ಅಭ್ಯಂಗದ ತೈಲವಿತ್ತು, ಟ್ಯಾಂಕಿನಲ್ಲಿ ಇರಲಿಲ್ಲ. ಹತ್ತು ಕನ್ಯೆಯರ ಸಾಮತಿಯ ಮೇಲೆ ನಾನು ಅದೆಷ್ಟು ಪ್ರಬೋಧನೆ ಮಾಡಿದ್ದೇನೋ!

ಇಪ್ಪತ್ತೈದು ನಿಮಿಷದ ಮೇಲೆ ತರಕಾರಿಯ ಪಿಕಪ್ ಒಂದು ಬಂತು. ಚಾಲಕ, ಇಪ್ಪತ್ತರ ಹರೆಯದ ಹುಡುಗ, ಏನೊಂದೂ ಕೇಳದೆ ರೋಗಿಯನ್ನೂ ಅವರ ಮಗನನ್ನೂ ಮುಂದೆ ಕೂರಿಸಿಕೊಂಡು ಹೊರಟ. ಆ ಹಿರಿಯರು ಹನ್ನೊಂದು ದಿನಗಳ ನಂತರ ಗುಣವಾಗಿ ಮನೆಗೆ ಬಂದರು. ಆದರೆ ಆ ಇಪ್ಪತ್ತೈದು ನಿಮಿಷಗಳನ್ನು ನಾನು ಇನ್ನೂ ಎಲ್ಲಿಯೂ ಇಳಿಸಿಲ್ಲ.

ಅವರು ಹೋದ ಮೇಲೆ, ಬೆಳಕು ಹರಿಯುವುದನ್ನು ಕಾಯುತ್ತ, ಟಾರ್ಚಿಗಾಗಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯನ್ನು ತೆರೆದೆ. ಟಾರ್ಚಿನ ಕೆಳಗೆ ಒಂದು ಉದ್ದ ನೋಟುಪುಸ್ತಕವಿತ್ತು. ಮೂರು ವರ್ಷ ಆ ವಾಹನದಲ್ಲಿ ಓಡಾಡಿದ್ದರೂ ನಾನು ಅದನ್ನು ಬಿಡಿಸಿ ನೋಡಿರಲಿಲ್ಲ. ಅದರಲ್ಲಿ ನಮ್ಮ ಚಾಲಕರ ದುಂಡಗಿನ ಅಕ್ಷರ. ತಿಂಗಳಿಗೆ ಎರಡು ಸಲ ಟ್ಯಾಂಕನ್ನು ಬಾಯಿಮಟ್ಟ ತುಂಬಿಸುವುದು, ಎಷ್ಟು ಲೀಟರ್ ಹಿಡಿಯಿತು, ಹಿಂದಿನ ಸಲದಿಂದ ಎಷ್ಟು ಕಿಲೋಮೀಟರ್ ಓಡಿತು, ಭಾಗಿಸಿದರೆ ಎಷ್ಟು: ಇಷ್ಟನ್ನೇ ಅವರು ವರ್ಷಗಟ್ಟಲೆ ಬರೆದಿಟ್ಟಿದ್ದರು. ಇದಕ್ಕೆ ಮುಳ್ಳಿನ ಅಗತ್ಯವೇ ಇಲ್ಲ. ಬಾಯಿಮಟ್ಟದಿಂದ ಬಾಯಿಮಟ್ಟಕ್ಕೆ ಹಿಡಿದ ಲೀಟರು, ಆ ನಡುವೆ ಟ್ಯಾಂಕಿನಿಂದ ಹೊರಗೆ ಹೋದ ಲೀಟರು, ಎರಡೂ ಒಂದೇ. ಎಂಜಿನ್ನು ಕುಡಿದಿದ್ದರೂ ಸರಿ, ಕಳ್ಳ ಕುಡಿದಿದ್ದರೂ ಸರಿ, ಈ ಲೆಕ್ಕದಿಂದ ತಪ್ಪಿಸಿಕೊಳ್ಳುವಂತಿಲ್ಲ.

2016ರ ಮಾರ್ಚ್ ತಿಂಗಳು: ಒಟ್ಟು 98 ಲೀಟರ್, 1,127 ಕಿಲೋಮೀಟರ್. ಲೀಟರಿಗೆ ಹನ್ನೊಂದೂವರೆ. ಹಿಂದಿನ ತಿಂಗಳೂ ಹನ್ನೊಂದೂವರೆಯ ಆಸುಪಾಸು, ಹಿಂದಿನ ವರ್ಷವೂ ಅಷ್ಟೇ. ನನ್ನ ಚೀಟಿಯ ಪ್ರಕಾರ ಆ ತಿಂಗಳಲ್ಲಿ ಮೂರು ಸಲ ಕಾಲು ಟ್ಯಾಂಕು, ಅಂದರೆ 45 ಲೀಟರ್, ಕಾಣೆಯಾಗಿತ್ತು. ಅದು ನಿಜವಾಗಿದ್ದರೆ 98ರ ಜಾಗದಲ್ಲಿ 143 ಲೀಟರ್ ಹಿಡಿಯಬೇಕಿತ್ತು, ಸರಾಸರಿ ಎಂಟಕ್ಕಿಂತ ಕೆಳಗೆ ಬೀಳಬೇಕಿತ್ತು. ನಾಲ್ಕನೆಯ ತರಗತಿಯ ಭಾಗಾಕಾರ. ನಾನು ಗುರುಮಠದಲ್ಲಿ ತರ್ಕಶಾಸ್ತ್ರವನ್ನು ಓದಿದವನು.

ಏಪ್ರಿಲಿನಿಂದ ಪುಟ ಖಾಲಿ. ನಾನು ಟ್ಯಾಂಕು ತುಂಬಿಸುತ್ತಿರಲಿಲ್ಲ. ಮುಳ್ಳು ನೋಡಿ ಸಾವಿರ ರೂಪಾಯಿಗೆ, ಎರಡು ಸಾವಿರ ರೂಪಾಯಿಗೆ ಹಾಕಿಸುತ್ತಿದ್ದೆ.

ಹಿಂದೊಮ್ಮೆ ಓದಿದ್ದ ಘಟನೆಯೊಂದು ನೆನಪಾಯಿತು. 1983ರ ಜುಲೈ 23ರಂದು ಕೆನಡಾದಲ್ಲಿ ಬೋಯಿಂಗ್ 767 ವಿಮಾನವೊಂದು 41,000 ಅಡಿ ಎತ್ತರದಲ್ಲಿ ಇಂಧನವಿಲ್ಲದೆ ನಿಂತುಹೋಯಿತು. ಅದರ ಇಂಧನದ ಮೀಟರುಗಳು ಕೆಟ್ಟಿದ್ದವು. ಅದು ಎಲ್ಲರಿಗೂ ತಿಳಿದಿತ್ತು. ಆದ್ದರಿಂದ ಟ್ಯಾಂಕಿನ ಮಟ್ಟವನ್ನು ಕಡ್ಡಿಯಿಂದ ಅಳೆದು ಲೆಕ್ಕ ಹಾಕಿದರು. ದೇಶ ಪೌಂಡಿನಿಂದ ಕಿಲೋಗ್ರಾಮಿಗೆ ಬದಲಾಗುತ್ತಿದ್ದ ಕಾಲ. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸುವ ಬದಲು ಪೌಂಡಿಗೆ ತಿರುಗಿಸುವ ಅಂಕಿಯಿಂದ ಗುಣಿಸಿಬಿಟ್ಟರು. 22,300 ಕಿಲೋ ಬೇಕಿದ್ದ ಕಡೆ ಅದರ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ಹಾರಿದರು. ಗ್ಲೈಡರ್ ಹಾರಿಸಿ ಅನುಭವವಿದ್ದ ಕ್ಯಾಪ್ಟನ್, ಎಂಜಿನ್ನುಗಳಿಲ್ಲದ ಆ ವಿಮಾನವನ್ನು ತೇಲಿಸಿಕೊಂಡು ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಉಳಿದರು. ಅಲ್ಲಿ ಮೀಟರು ಕೆಟ್ಟಿತ್ತು, ಲೆಕ್ಕವನ್ನು ನಂಬಿದರು, ಲೆಕ್ಕ ತಪ್ಪಿತ್ತು. ನನ್ನಲ್ಲಿ ಲೆಕ್ಕ ಸರಿಯಿತ್ತು. ಒಂದು ಮೊಳ ದೂರದಲ್ಲಿ, ಪೆಟ್ಟಿಗೆಯೊಳಗೆ ಇತ್ತು. ನಾನು ಮೀಟರನ್ನು ನಂಬಿದೆ.

ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2477ನೆಯ ಪರಿಚ್ಛೇದವು, ಸಾಕಷ್ಟು ಆಧಾರವಿಲ್ಲದೆ ನೆರೆಯವನ ತಪ್ಪನ್ನು ನಿಜವೆಂದು, ಮೌನವಾಗಿಯಾದರೂ, ಒಪ್ಪಿಕೊಳ್ಳುವುದನ್ನು ದುಡುಕಿನ ತೀರ್ಪೆಂದು ಕರೆಯುತ್ತದೆ. ಯುವಜನರಿಗೆ ಅದನ್ನು ನಾನೇ ಬೋಧಿಸಿದ್ದೇನೆ. ಹತ್ತು ಪರಿಚ್ಛೇದಗಳ ಮುಂದೆ ಇನ್ನೊಂದು ಮಾತಿದೆ: ಕ್ಷಮೆ ದೊರೆತರೂ, ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ತೀರುವುದಿಲ್ಲ ಎಂದು. ಅದನ್ನು ಅಷ್ಟಾಗಿ ಬೋಧಿಸಿದ ನೆನಪಿಲ್ಲ.

ಎರಡು ದಿನ ಮುಂದೂಡಿದೆ. ಮೂರನೆಯ ದಿನ ನೋಟುಪುಸ್ತಕ ಹಿಡಿದು ಅವರ ಮನೆಗೆ ನಡೆದೆ. ಇನ್ನೂರು ಹೆಜ್ಜೆ ಎಂದೆನಲ್ಲ, ಅಂದು ಅದು ಬಹಳ ಉದ್ದವಾಯಿತು. ಅವರ ಹೆಂಡತಿ ಕುರ್ಚಿ ಹಾಕಿದರು, ಕಾಫಿ ಕೊಟ್ಟರು, ಒಳಗೆ ಹೋದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಅವರು ಅಂಗಳದ ಕಡೆ ನೋಡುತ್ತ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, "ನೀವು ನೇರವಾಗಿ ಕೇಳಿದ್ದರೆ ನನಗೆ ಇಷ್ಟು ಬೇಜಾರಾಗುತ್ತಿರಲಿಲ್ಲ ಫಾದರ್. ಕಳ್ಳನನ್ನಾದರೂ ಹೆಸರು ಹಿಡಿದು ಕೇಳುತ್ತಾರೆ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೊರಡುವಾಗ, ಪೇಟೆಯ ಗ್ಯಾರೇಜಿಗೆ ಒಯ್ದು ಫ್ಲೋಟು ಬದಲಾಯಿಸುತ್ತೇನೆಂದೆ. "ಅವರು ಎರಡು ದಿನ ನಿಲ್ಲಿಸಿಕೊಳ್ಳುತ್ತಾರೆ. ಸಾಮಾನು ತರಿಸಿ. ಸೋಮವಾರ ಇಲ್ಲೇ ಹಾಕುವ" ಎಂದರು. ಆ ಮಾತು ನನಗಾಗಿ ಆಡಿದ್ದಲ್ಲ, ವಾಹನಕ್ಕಾಗಿ ಆಡಿದ್ದು ಎಂದು ನನಗೆ ಗೊತ್ತಿತ್ತು.

ಸೋಮವಾರ ಬೆಳಿಗ್ಗೆ ಬಂದವರು ಮೊದಲು ಮಾಡಿದ್ದು ನನ್ನ ಮೊಬೈಲನ್ನು ಗುರುಮನೆಯೊಳಗೆ ಇಡಿಸಿದ್ದು. ವಾಹನವನ್ನು ಶೆಡ್ಡಿನಿಂದ ಹೊರಕ್ಕೆ, ಗಾಳಿಯಾಡುವ ಸಮತಟ್ಟಾದ ಅಂಗಳಕ್ಕೆ ತಂದರು. ಪಕ್ಕದಲ್ಲಿ ಒಂದು ಬಕೆಟ್ ಮರಳು. ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ ದೂರಕ್ಕೆ ಬಾಗಿಸಿದರು. ಪೆಟ್ರೋಲಿನ ವಾಹನವಾಗಿದ್ದರೆ ಈ ಕೆಲಸವನ್ನು ಮನೆಯಲ್ಲಿ ಮಾಡಲು ತಾನು ಒಪ್ಪುತ್ತಲೇ ಇರಲಿಲ್ಲ ಎಂದರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಹೋಗಿ ಎಲ್ಲಿಯೋ ಇರುವ ಕಿಡಿಯನ್ನು ಹುಡುಕಿಕೊಳ್ಳುತ್ತದೆ. ಡೀಸೆಲ್ ಅಷ್ಟು ಅವಸರದ್ದಲ್ಲ, ಆದರೂ ಅದು ಎಣ್ಣೆಯೇ.

ಹಿಂದಿನ ಆಸನವನ್ನು ಎತ್ತಿದೆವು. ಅದರ ಅಡಿಯಲ್ಲಿ ಹನ್ನೊಂದು ವರ್ಷದ ಧರ್ಮಕೇಂದ್ರದ ಚರಿತ್ರೆಯಿತ್ತು: ಕಡಲೆಕಾಯಿ ಸಿಪ್ಪೆ, ಐದು ರೂಪಾಯಿಯ ನಾಣ್ಯ, ಮಗುವಿನ ಕೂದಲ ಕ್ಲಿಪ್ಪು, ಜಪಸರದ ಬಿಡಿ ಮಣಿಗಳು. ನೆಲಹಾಸನ್ನು ಸರಿಸಿದಾಗ ತಟ್ಟೆಯಂಥ ದುಂಡು ಮುಚ್ಚಳ ಕಂಡಿತು. ಎಲ್ಲ ವಾಹನಗಳಲ್ಲಿಯೂ ಈ ಅನುಕೂಲವಿರುವುದಿಲ್ಲ. ಕೆಲವದರಲ್ಲಿ ಟ್ಯಾಂಕನ್ನೇ ಕೆಳಗಿಳಿಸಬೇಕು. ನಾಲ್ಕು ಸ್ಕ್ರೂ ಬಿಚ್ಚಿದರೆ ಕೆಲಸವಾಯಿತೆಂದು ನಾನು ಕೈ ಹಾಕಹೋದೆ. ಅವರು ಬಿಡಲಿಲ್ಲ. ಬ್ರಷ್ಷಿನಿಂದ, ಆಮೇಲೆ ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಇಪ್ಪತ್ತು ನಿಮಿಷ ಆ ಜಾಗವನ್ನು ಒರೆಸಿದರು. ಟ್ಯಾಂಕಿನ ಬಾಯಿ ತೆರೆದಾಗ ಒಂದು ಚಿಟಿಕೆ ಧೂಳು ಒಳಗೆ ಬಿದ್ದರೂ ಅದು ಹೀರುವ ಕೊಳವೆಯ ದಾರಿ ಹಿಡಿಯುತ್ತದೆ. ಬಲಿಪೀಠವನ್ನು ನಾನು ಅಷ್ಟು ಶ್ರದ್ಧೆಯಿಂದ ಒರೆಸಿದ್ದು ನನಗೆ ನೆನಪಿಲ್ಲ.

ಮುಚ್ಚಳದ ಕೆಳಗೆ ಒಂದು ವಿದ್ಯುತ್ ಪ್ಲಗ್ಗು, ಎರಡು ಕೊಳವೆ. ಒಂದು ಎಂಜಿನ್ನಿಗೆ ಹೋಗುವುದು, ಇನ್ನೊಂದು ಎಂಜಿನ್ನು ಬಳಸದೆ ಬಿಟ್ಟ ಡೀಸೆಲನ್ನು ಟ್ಯಾಂಕಿಗೆ ಹಿಂದಿರುಗಿಸುವುದು. ಅದಲು ಬದಲಾಗದಂತೆ ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ ಕಟ್ಟಿದರು. ಅದರ ಸುತ್ತ ಬಿಗಿಯಾದ ಲೋಹದ ಬಳೆ. ತುಕ್ಕು ಹಿಡಿದಿತ್ತು. ನಾನು ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯಲು ಹೊರಟಾಗ ಅವರು ನನ್ನ ಮಣಿಕಟ್ಟನ್ನು ಹಿಡಿದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಮನೆಯಿಂದ ತಂದಿದ್ದ ಹಲಸಿನ ಮರದ ಗೂಟವನ್ನು ಬಳೆಯ ಅಂಚಿಗೆ ಇಟ್ಟು, ಮರದ ಕೊಡತಿಯಿಂದ, ಒಂದೇ ಕಡೆ ಹೊಡೆಯದೆ ಸುತ್ತಲೂ ಬಡಿಯುತ್ತ ಹೋದರು. ಕಾಲು ಗಂಟೆಯ ಬಳಿಕ ಬಳೆ ಒಂದು ಬೆರಳಿನಷ್ಟು ತಿರುಗಿತು. ಅಷ್ಟು ಹೊತ್ತೂ ಇಬ್ಬರೂ ಮಾತನಾಡಿರಲಿಲ್ಲ.

ಹಳೆಯ ಫ್ಲೋಟನ್ನು ನೇರವಾಗಿ ಎತ್ತುವಂತಿಲ್ಲ. ತೋಳು ಬಾಗದ ಹಾಗೆ ಓರೆಮಾಡಿ, ಮೀನನ್ನು ಬುಟ್ಟಿಯಿಂದ ತೆಗೆದಂತೆ ತೆಗೆಯಬೇಕು. ಟ್ಯಾಂಕಿನ ಬಾಯಿಗೆ ಕೂಡಲೇ ದಪ್ಪ ಬಟ್ಟೆ ಮುಚ್ಚಿದರು. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಂದ ಮಲ್ಟಿಮೀಟರ್ ತಂದಿದ್ದೆ. ಜಗಲಿಯ ಮೇಲೆ ಕುಳಿತು ಅದರ ಎರಡು ತಂತಿಗಳನ್ನು ಪ್ಲಗ್ಗಿಗೆ ಹಿಡಿದೆ. ಅವರು ತೋಳನ್ನು ಮೆಲ್ಲಗೆ ಮೇಲಿನಿಂದ ಕೆಳಕ್ಕೆ ಇಳಿಸಿದರು. ಅಂಕಿಗಳು ಕ್ರಮವಾಗಿ ಏರಬೇಕಿತ್ತು. ಮುಕ್ಕಾಲಿನ ಹತ್ತಿರ ಬಂದಾಗ ಒಮ್ಮೆಲೇ ಹಾರಿ, ಒಂದು ಕೂದಲಷ್ಟು ಅಲುಗಿಸಿದರೆ ಮತ್ತೆ ಸರಿಯಾಗುತ್ತಿದ್ದವು. ಇನ್ನೂ ಇಳಿಸಿದಾಗ, ಅರ್ಧಕ್ಕೆ ಬಂದ ತೋಳು ಅಲ್ಲೇ ನಿಂತಿತು. ಕೈಬಿಟ್ಟರೂ ಬೀಳಲಿಲ್ಲ.

ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನೋಡಿದೆವು. ಲೋಹದ ಬೆರಳು ವರ್ಷಗಟ್ಟಲೆ ಉಜ್ಜಿ ಉಜ್ಜಿ ಪಟ್ಟಿಯ ಮೇಲೆ ಗೀರು ತೋಡಿತ್ತು. ಅರ್ಧದ ಜಾಗದಲ್ಲಿ ಆ ಗೀರಿಗೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಮುಕ್ಕಾಲಿನ ಜಾಗದಲ್ಲಿ ಕಡಲೆಕಾಳಿನಷ್ಟು ಅಗಲದ ಕಪ್ಪು ಕರೆ. ಇಂಥ ಪಟ್ಟಿಗಳಲ್ಲಿ ಬೆಳ್ಳಿಯ ಅಂಶವನ್ನು ಬಳಸುವುದುಂಟು. ಎಣ್ಣೆಯಲ್ಲಿರುವ ಗಂಧಕದ ಕೆಲವು ರೂಪಗಳು ಅದನ್ನು ಕಪ್ಪಾಗಿಸುತ್ತವೆ. ಸಂಕ್ರಿಸ್ತಿಯ ಬೆಳ್ಳಿಯ ಪಾನಪಾತ್ರೆಯನ್ನು ಹಬ್ಬದ ಮುನ್ನಾದಿನ ತಿಕ್ಕುವ ಧರ್ಮಭಗಿನಿಯರಿಗೆ ಈ ಕಪ್ಪು ಚೆನ್ನಾಗಿ ಗೊತ್ತು. 2004ರ ಮೇ ತಿಂಗಳಲ್ಲಿ ಅಮೆರಿಕದ ಫ್ಲೋರಿಡಾ, ಲೂಯಿಸಿಯಾನ ಮೊದಲಾದ ರಾಜ್ಯಗಳಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲು ಮಾರಾಟವಾಗಿ, ಬಹಳಷ್ಟು ಕಾರುಗಳ ಇಂಧನ ಮೀಟರುಗಳು ಹೀಗೆಯೇ ಕೆಟ್ಟಿದ್ದವು. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲಿನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 10 ಭಾಗ; ನಮ್ಮ ವಾಹನ ಕೊಂಡ 2005ರಲ್ಲಿ ನಮ್ಮಂಥ ಊರುಗಳಲ್ಲಿ ಅದು 500 ಇತ್ತು.

ಕರೆ ಹಿಡಿದಲ್ಲಿ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದರೆ ಮುಳ್ಳು ಡೀಸೆಲ್ ಕಡಿಮೆ ಎಂದು ತೋರಿಸುತ್ತದೆ. ಓಡುವಾಗ ಎಣ್ಣೆ ತುಳುಕುತ್ತ ಬೆರಳು ಆಚೀಚೆ ಜಾರುವುದರಿಂದ ಮುಳ್ಳು ಹೇಗೋ ನೆಟ್ಟಗಿರುತ್ತದೆ. ರಾತ್ರಿ ನಿಂತಾಗ ಬೆರಳು ಸರಿಯಾಗಿ ಕರೆಯ ಮೇಲೆ ಬಂದು ಕುಳಿತರೆ, ಬೆಳಿಗ್ಗೆ ಹದಿನೈದು ಲೀಟರ್ ಮಾಯ. ಕರೆಗೂ ಕಳವಿಗೂ ಮುಳ್ಳಿನಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ಚಾಲಕರು ಆ ಕಪ್ಪು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ, "ಇಷ್ಟೇ" ಎಂದರು. ಸ್ಪಿರಿಟ್ ಹಾಕಿ ಒರೆಸಿದರೆ ಸರಿಹೋಗಬಹುದಲ್ಲವೇ ಎಂದು ಕೇಳಿದೆ. "ಎರಡು ತಿಂಗಳು ನಿಜ ಹೇಳುತ್ತದೆ, ಆಮೇಲೆ ಮತ್ತೆ ಶುರು" ಎಂದರು. ಎರಡು ಸಾವಿರ ಚಿಲ್ಲರೆಯ ಹೊಸದನ್ನು ಪೊಟ್ಟಣದಿಂದ ಬಿಡಿಸಿದೆವು.

ಕೂರಿಸುವ ಮೊದಲೇ ಪರೀಕ್ಷಿಸಬೇಕು, ಕೂರಿಸಿದ ಮೇಲೆ ಪಶ್ಚಾತ್ತಾಪಪಟ್ಟರೆ ಉಪಯೋಗವಿಲ್ಲ ಎಂಬುದು ಅವರ ಪದ್ಧತಿ. ಟ್ಯಾಂಕಿನ ಬಾಯಿ ಚೆನ್ನಾಗಿ ಮುಚ್ಚಿದೆಯೇ ಎಂದು ನೋಡಿ, ಹೊಸ ಫ್ಲೋಟನ್ನು ಹೊರಗೇ ಪ್ಲಗ್ಗಿಗೆ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಅವರು ಚಾಲಕನ ಆಸನದಲ್ಲಿ ಕುಳಿತು ಕೀಲಿ ತಿರುಗಿಸಿದರು. ಎರಡು ತಿಂಗಳ ಮೇಲೆ ಅವರು ಆ ಆಸನದಲ್ಲಿ ಕುಳಿತದ್ದು ಅಂದೇ. ನಾನು ಹಿಂದೆ ಮೊಣಕಾಲೂರಿ ಬೆಂಡನ್ನು ಕೈಯಲ್ಲಿ ಹಿಡಿದಿದ್ದೆ. ಎತ್ತಿದೆ. ಮೀಟರಿನ ಮುಳ್ಳು ಅವಸರದ್ದಲ್ಲ. ಎಣ್ಣೆ ತುಳುಕಿದಾಗಲೆಲ್ಲ ಕುಣಿಯಬಾರದೆಂದು ಅದನ್ನು ಬೇಕೆಂದೇ ನಿಧಾನ ಮಾಡಿರುತ್ತಾರೆ. "ಏರುತ್ತಿದೆ... ಕಾಲು... ಅರ್ಧ... ಕೈ ಅಲುಗಿಸಬೇಡಿ ಫಾದರ್... ಮುಕ್ಕಾಲು... ತುಂಬಿತು." ಇಳಿಸಿದೆ. ಅವರು ಮತ್ತೆ ಒಂದೊಂದಾಗಿ ಹೇಳುತ್ತ ಬಂದರು. ನಾನು ಹಿಡಿದ ಮಟ್ಟ, ಅವರು ಹೇಳಿದ ಅಂಕ, ಎರಡೂ ಪ್ರತಿಸಲವೂ ಕೂಡಿಬಂದವು. ಐದು ಸಲ ಮಾಡಿಸಿದರು. ಎರಡೇ ಸಲ ಸಾಕಿತ್ತು ಎಂದು ನನಗೆ ಅನ್ನಿಸಿತು, ಆದರೆ ಕೇಳಲಿಲ್ಲ.

ಉಳಿದ ಕೆಲಸ ಬೇಗ ಮುಗಿಯಿತು. ಬ್ಯಾಟರಿ ಮತ್ತೆ ಬಿಚ್ಚಿ, ಹೊಸ ರಬ್ಬರ್ ಬಳೆ ಇಟ್ಟು, ಫ್ಲೋಟನ್ನು ಗುರುತಿಗೆ ಸರಿಯಾಗಿ ಕೂರಿಸಿ, ಕೊಳವೆಗಳನ್ನು ದಾರ ನೋಡಿ ಜೋಡಿಸಿದೆವು. ಕೈಪಂಪು ಒತ್ತಿ ಏರ್ ತೆಗೆದು ಎಂಜಿನ್ ಚಾಲೂ ಮಾಡಿ, ಎಲ್ಲಿಯೂ ಜಿನುಗುತ್ತಿಲ್ಲವೆಂದು ಹತ್ತು ನಿಮಿಷ ಕಾದ ಮೇಲೆಯೇ ಅವರು ಆಸನವನ್ನು ಮರಳಿ ಹಾಕಿದ್ದು. ನೋಟುಪುಸ್ತಕವನ್ನು ತೆಗೆದುಕೊಟ್ಟು ಬರೆಯಿರಿ ಎಂದೆ. "ನೀವೇ ಬರೆಯಿರಿ ಫಾದರ್. ಈಗ ಓಡಿಸುವವರು ನೀವು" ಎಂದರು. ದಿನಾಂಕ, ಕಿಲೋಮೀಟರ್, ಫ್ಲೋಟ್ ಬದಲಿ ಎಂದು ಬರೆದೆ. ಕೂಲಿ ತೆಗೆದುಕೊಳ್ಳಲಿಲ್ಲ. ಊಟಕ್ಕೂ ನಿಲ್ಲಲಿಲ್ಲ.

ಪಾಲನಾ ಸಮಿತಿಯ ಆ ಇಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ಸುಳ್ಳೆಂದು ಹೇಳಿದೆ. ಒಬ್ಬರು, "ಹೋಗಲಿ ಬಿಡಿ ಫಾದರ್, ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ" ಎಂದರು. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಭಾನುವಾರ ಬಲಿಪೂಜೆಯ ಕೊನೆಯಲ್ಲಿ ಎಲ್ಲರ ಮುಂದೆಯೂ ಹೇಳುತ್ತೇನೆಂದು ನಮ್ಮ ಚಾಲಕರಿಗೆ ತಿಳಿಸಿದಾಗ ಮಾತ್ರ ಅವರು ಗಟ್ಟಿಯಾಗಿ ಬೇಡವೆಂದರು. "ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. ನಿಮ್ಮ ಮನಸ್ಸು ಹಗುರವಾಗುತ್ತದೆ, ನನ್ನ ಹೆಸರು ಇನ್ನೊಂದು ಸಲ ಡೀಸೆಲಿನ ಜೊತೆ ಬರುತ್ತದೆ." ನಾನು ಸುಮ್ಮನಾದೆ. ಈ ಬರಹವನ್ನೂ ಅವರಿಗೆ ಮೊದಲು ಕಳುಹಿಸಿದ್ದೆ. ಮೂರು ಕಡೆ ತಿದ್ದಿದ್ದಾರೆ. ಎರಡು ಕೊಳವೆಗಳ ವಿಷಯ, ಒಂದು ಅವರ ಹೆಂಡತಿ ಕಾಫಿ ಕೊಟ್ಟದ್ದು. ನಾನು ಚಹಾ ಎಂದು ಬರೆದಿದ್ದೆ.

ಕೆಲಸಕ್ಕೆ ಮರಳಿ ಬನ್ನಿ ಎಂದು ಎರಡು ಸಲ ಕೇಳಿದೆ. ಮೊಣಕಾಲು ನೋವು ಎಂದರು. 2019ರ ಜೂನ್ ತಿಂಗಳಲ್ಲಿ ನನಗೆ ವರ್ಗವಾಯಿತು. ಪುಸ್ತಕಗಳ ಪೆಟ್ಟಿಗೆಯಲ್ಲಿ ಈ ಹಳೆಯ ಫ್ಲೋಟೂ ನನ್ನೊಡನೆ ಬಂತು. ನಾಲ್ಕು ತಿಂಗಳು ಕಳೆದ ಮೇಲೆ, ನನ್ನ ಬಳಿಕ ಅಲ್ಲಿಗೆ ಬಂದ ಗುರುಗಳು ದೂರವಾಣಿಯಲ್ಲಿ ಯಾವುದೋ ದಾಖಲೆ ಕೇಳುತ್ತ, ಮಾತಿನ ನಡುವೆ, ಹಳೆಯ ಚಾಲಕರು ಜುಲೈಯಿಂದ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ, ಬಹಳ ಅನುಕೂಲವಾಯಿತು ಎಂದರು. ಮೊಣಕಾಲು ಹೇಗಿದೆ ಎಂದು ನಾನು ಕೇಳಲಿಲ್ಲ. ಗಾಡಿ ಲೀಟರಿಗೆ ಎಷ್ಟು ಕೊಡುತ್ತಿದೆ ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ, ತಾಳಿ ಎಂದು ಹೇಳಿ ಹೊರಗೆ ಹೋಗಿ ಕೇಳಿಕೊಂಡು ಬಂದರು. ಹನ್ನೊಂದೂವರೆ.